ಟೂರಿನ ಊಟ, ಮಗಳ ಟ್ಯೂಷನ್ ಫೀಸು

ಬಸ್ಸಿನಲ್ಲಿ ಕೂತಾಗ ಇದ್ದಕ್ಕಿದ್ದಂತೆ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ತಣ್ಣನೆ ಬೆವರು, ಇನ್ನೇನು ಸತ್ತೇ ಹೋಗ್ತೀನಿ ಅನ್ನುವ ಭಯ. ಈ ದೂರು ಹೊತ್ತು ಆಪ್ತಸಲಹೆಗೆಂದು (ಕೌನ್ಸೆಲಿಂಗ್) ನನ್ನ ಬಳಿ ಬರುವವರಲ್ಲಿ ಟೂರ್ ಕೆಲಸದವರು ಬಹಳ. ಔಷಧ ಕಂಪನಿಯ ರೆಪ್‌ಗಳು, ಬೀಜ-ಗೊಬ್ಬರದ ಸೇಲ್ಸ್‌ನವರು, ಫೈನಾನ್ಸ್ ವಸೂಲಿಯವರು. ಅತ್ತ ಹುಬ್ಬಳ್ಳಿಗೂ ಇತ್ತ ಬೆಂಗಳೂರಿಗೂ ನಡುವೆ ಹೈವೇ ಮೇಲೇ ಇರುವ ಊರು ಅಂತ ಕಂಪನಿಗಳು ಇವರಿಗೆ ದಾವಣಗೆರೆಯನ್ನೇ ಹೆಡ್‌ಕ್ವಾರ್ಟರ್ ಮಾಡಿಬಿಡುತ್ತವೆ. ಸೋಮವಾರ ಹೊರಟರೆ ಗುರುವಾರವೋ ಶುಕ್ರವಾರವೋ ಮನೆ. ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ನಲವತ್ತು ದಾಟಿದವರು, ಮೆಕ್ಕೆಜೋಳದ ಬೀಜದ ಕಂಪನಿಯ ಸೇಲ್ಸ್ ಆಫೀಸರ್. ಜಗಳೂರು, ಚಳ್ಳಕೆರೆ ಕಡೆಗೆ ಹೋದರೆ ಸಂಜೆಗೆ ವಾಪಸ್. ಬಳ್ಳಾರಿ, ಕೊಪ್ಪಳ, ಗಂಗಾವತಿ ಅಂದರೆ ಲಾಡ್ಜ್ ವಾಸ. ಮೂರು ವರ್ಷದಿಂದ ಶುಗರ್, ಮಾತ್ರೆ ನಡೆದಿದೆ. ಹೆಂಡತಿ ಟೈಲರಿಂಗ್ ಮಾಡುತ್ತಾರೆ, ಮಗಳು ಪಿಯುಸಿ ಸೈನ್ಸ್. 'ಟೆನ್ಷನ್ ಇರಬೇಕು, ಯಾರಾದರೂ ಕೌನ್ಸೆಲರ್ ನೋಡು' ಎಂದು ಮ್ಯಾನೇಜರ್ ಹೇಳಿ ಕಳಿಸಿದ್ದರು. ಟಾರ್ಗೆಟ್ ಒತ್ತಡ ಇದ್ದದ್ದು ನಿಜ, ಅದನ್ನೇ ಹಿಡಿದು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಶ್ರದ್ಧೆಯಿಂದಲೇ ಮಾಡಿದರು. ನಡುಕ ಮಾತ್ರ ನಿಲ್ಲಲಿಲ್ಲ.

ಆ ಸಲ ಬಸ್ಸು ತಡವಾಯಿತೆಂದು ಮನೆಗೆ ಹೋಗದೆ ಬ್ಯಾಗಿನ ಸಮೇತ ನೇರ ನನ್ನ ಕೋಣೆಗೆ ಬಂದರು. ಬ್ಯಾಗು ಇಟ್ಟ ಸದ್ದಿಗೇ ಅದರ ತೂಕ ಗೊತ್ತಾಯಿತು. ಯಾವ ಮಾತ್ರೆ ತಗೋತೀರಿ ಅಂತ ಕೇಳಿದೆ. ಹೆಸರು ನೆನಪಿರಲಿಲ್ಲ, ಶೀಟು ತೆಗೆಯಲು ಬ್ಯಾಗು ಬಿಚ್ಚಿದರು. ಮಾತ್ರೆ ಇದ್ದದ್ದು ತಳದಲ್ಲಿ, ಹಾಗಾಗಿ ಒಂದೊಂದಾಗಿ ಎಲ್ಲ ಹೊರಗೆ ಬಂತು: ಇಸ್ತ್ರಿ ಮಾಡಿದ ಐದು ಅಂಗಿ, ಎರಡು ಪ್ಯಾಂಟು, ಒಂದು ಜೊತೆ ಬೂಟು, ಟರ್ಕಿ ಟವೆಲ್ಲು, ಹೊದಿಕೆ, ಕಂಪನಿಯ ಕ್ಯಾಟಲಾಗಿನ ಎರಡು ಕಟ್ಟು, ಡೀಲರ್ ಕೊಟ್ಟ ಗೋಡೆ ಗಡಿಯಾರ. ಕಡೆಗೆ ಸ್ಟೀಲ್ ಡಬ್ಬಿ. ಅದನ್ನು ಅವರು ತಟ್ಟನೆ ಟವೆಲ್ಲಿನ ಕೆಳಗೆ ಸರಿಸಿದರು, ಆದರೆ ವಾಸನೆ ಆಗಲೇ ಬಂದಿತ್ತು. ಸೋಮವಾರ ಬೆಳಿಗ್ಗೆ ಹೆಂಡತಿ ಕಟ್ಟಿಕೊಟ್ಟ ಚಪಾತಿ, ಬದನೆಕಾಯಿ ಪಲ್ಯ. ಅವತ್ತು ಬುಧವಾರ.

"ಮನೆಗೆ ಹೋಗೋಕ್ಕಿಂತ ಮುಂಚೆ ದನಕ್ಕೆ ಹಾಕಿ, ಡಬ್ಬಿ ತೊಳಕೊಂಡು ಹೋಗ್ತೀನಿ ಮೇಡಂ. ಪಾಪ, ನಾಲ್ಕೂವರೆಗೆ ಎದ್ದು ಮಾಡಿರ್ತಾಳೆ."

"ನೀವ್ಯಾಕೆ ಉಣ್ಣಲಿಲ್ಲ?"

"ಡೀಲರ್ ಅಂಗಡಿ ಮುಂದೆ ಡಬ್ಬಿ ಬಿಚ್ಚಿ ಕೂರೋಕಾಗ್ತತೇನ್ರಿ? ಮೇಲಾಗಿ ಅದು ತಳದಾಗೆ ಸೇರಿಬಿಟ್ಟಿರ್ತತಿ."

"ಸರಿ, ಹೋಟೆಲಲ್ಲಿ ಉಂಡ್ರಾ ಹಾಗಾದ್ರೆ?"

ಮಾತ್ರೆ ಶೀಟನ್ನು ಕೈಯಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಮೇಲೇ ರೇಗಿದಂತೆ ಹೇಳಿದರು:

"ಮೇಡಂ, ಕಂಪನಿ ಡಿಎ, ಅಂದ್ರೆ ಟೂರಿನ ದಿನಭತ್ಯೆ, ಫಿಕ್ಸ್ ಕೊಡ್ತತಿ, ಬಿಲ್ ಕೇಳಲ್ಲ. ಮಧ್ಯಾಹ್ನ ಊಟ ಬಿಟ್ರೆ ನೂರೈವತ್ತು ಉಳಿತತಿ. ತಿಂಗಳಿಗೆ ನೀವೇ ಲೆಕ್ಕ ಹಾಕ್ರಿ. ಮಗಳ ಟ್ಯೂಷನ್ ಫೀಸು ಇನ್ನೆಲ್ಲಿಂದ ಬರ್ತತಿ ಅನ್ಕೊಂಡೀರಿ?"

ಬಸ್ ಸ್ಟ್ಯಾಂಡಿನಲ್ಲಿ ಒಂದು ಪೊಟ್ಟಣ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ, ಒಂದು ಚಹಾ, ಮಧ್ಯಾಹ್ನಕ್ಕೆ ಅಷ್ಟೇ. ಕೆಲವು ದಿನ ಅದೂ ಇಲ್ಲ. ರಾತ್ರಿ ಹತ್ತಕ್ಕೆ ಲಾಡ್ಜಿನ ಕೆಳಗಿನ ಗಾಡಿಯಲ್ಲಿ ಹೊಟ್ಟೆ ಬಿರಿಯ ಎಗ್ ರೈಸ್. ನಡುಕ ಬರುವ ಹೊತ್ತು ಕೇಳಿದೆ. ಮೂರೂವರೆಯಿಂದ ಐದರೊಳಗೆ ಎಂದರು. ಶೀಟಿನ ಮೇಲೆ ಮೆಟ್ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಅಂತಲೂ ಇತ್ತು.

ನಾನು ವೈದ್ಯೆಯಲ್ಲ. ಆದರೂ ಇಷ್ಟು ತಿಳಿದಿರಬೇಕು: ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ನೀವು ಉಂಡಿದ್ದೀರೋ ಉಪವಾಸವೋ, ಅದು ಕೇಳುವುದಿಲ್ಲ. ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಆಗ ಬರುವ ನಡುಕ, ಬೆವರು, ಎದೆಬಡಿತ ಥೇಟ್ ಭಯದ ಹಾಗೇ ಇರುತ್ತವೆ. ಅವತ್ತೇ ಅವರನ್ನು ಅವರ ಡಾಕ್ಟರ ಬಳಿಗೆ ಕಳಿಸಿದೆ, ಒಂದು ಗ್ಲುಕೋಮೀಟರ್ ಕೊಳ್ಳಿ ಎಂದೆ. ಮುಂದಿನ ಟೂರಿನಲ್ಲಿ ನಡುಕ ಬಂದಾಗ ಬೆರಳು ಚುಚ್ಚಿ ನೋಡಿದರೆ 58. ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದರು, ಊಟದ ಹೊತ್ತನ್ನೂ ಬರೆದುಕೊಟ್ಟರು.

ಉಳಿದದ್ದು ನನ್ನ ಪಾಲಿನ ಕೆಲಸ. ಅದು ಬ್ಯಾಗಿನಿಂದಲೇ ಶುರುವಾಯಿತು. 'ಆಪ್ತಸಲಹೆ ಅಂದ್ರೆ ಬಟ್ಟೆ ಮಡಚೋದು ಹೇಳಿಕೊಡೋದೇನಮ್ಮ?' ಅಂತ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ. ಆ ಭಾರ ಹೊತ್ತವನು ಬಸ್ಸಿಳಿದು ಎರಡು ಬೀದಿ ಆಚೆಯ ಖಾನಾವಳಿಗೆ ನಡೆಯುವುದಿಲ್ಲ, ಸ್ಟ್ಯಾಂಡಿನ ಬಾಯಲ್ಲಿ ಸಿಕ್ಕಿದ್ದನ್ನು ತಿನ್ನುತ್ತಾನೆ. ಇಲ್ಲವೇ ಆಟೋ ಹತ್ತುತ್ತಾನೆ, ಊಟ ಬಿಟ್ಟು ಉಳಿಸಿದ ದುಡ್ಡಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಇದನ್ನು ಕೂತು ಲೆಕ್ಕ ಹಾಕಿಸಿದಾಗ ಅವರಿಗೇ ನಗು ಬಂತು.

ಮೈಮೇಲೊಂದು, ಬ್ಯಾಗಲ್ಲೆರಡು ಅಂಗಿ ಸಾಕು. ಪೂರ್ತಿ ಹತ್ತಿಯದು ಬೇಡ, ಪಾಲಿಯೆಸ್ಟರ್ ಬೆರೆತದ್ದಾದರೆ ರಾತ್ರಿ ಹಿಂಡಿ ಫ್ಯಾನಿನ ಕೆಳಗೆ ಹಾಕಿದರೆ ಬೆಳಗಾಗುವುದರೊಳಗೆ ಒಣಗುತ್ತದೆ, ಇಸ್ತ್ರಿಯ ಗೊಡವೆಯೂ ಕಡಿಮೆ. ಕಾಲಲ್ಲಿದ್ದ ಬೂಟೇ ಬೂಟು. ಟರ್ಕಿ ಟವೆಲ್ಲಿನ ಜಾಗಕ್ಕೆ ತೆಳ್ಳನೆ ಪಂಚೆ, ಅದೇ ರಾತ್ರಿ ಹೊದಿಕೆ. ಕ್ಯಾಟಲಾಗು ಮೊದಲೇ ಬಸ್ ಪಾರ್ಸೆಲ್ಲಿನಲ್ಲಿ ಡೀಲರಿಗೆ ಹೋಗಲಿ. ಗಡಿಯಾರ, ಡೈರಿ, ಸ್ವೀಟ್ ಬಾಕ್ಸು ಇಂಥವನ್ನು 'ಮುಂದಿನ ಸಲ ಕಾರಲ್ಲಿ ಬಂದಾಗ ಒಯ್ತೀನಿ ಅಣ್ಣಾ' ಎಂದು ಅಲ್ಲೇ ಬಿಡುವುದನ್ನು ಕಲಿಯಲು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮಾತ್ರೆ, ಗ್ಲುಕೋಮೀಟರ್, ಸಣ್ಣ ಪೊಟ್ಟಣದಲ್ಲಿ ಸಕ್ಕರೆ, ಈ ಮೂರು ಹೊರಗಿನ ಜೇಬಿನಲ್ಲೇ ಇರಬೇಕು. ನಡುಕ ಬಂದು ಸಕ್ಕರೆ ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯುವುದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು, ಏರದಿದ್ದರೆ ಮತ್ತೊಮ್ಮೆ, ಏರಿದ ಮೇಲೆ ಊಟ. ಬಿಸ್ಕತ್ತು ತಿಂದರಾಯಿತು ಅನ್ನುವವರಿದ್ದಾರೆ, ಅದು ಅಷ್ಟು ಬೇಗ ಏರಿಸುವುದಿಲ್ಲ.

ಊಟಕ್ಕೆ ಹೊಸದೇನೂ ಹೇಳಲಿಲ್ಲ. ಚಪಾತಿ-ಪಲ್ಯ ಎರಡನೇ ದಿನಕ್ಕೆ ಬಾರದು. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ತೂಕವೂ ಇಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಮುಷ್ಟಿ ಹುರಿಗಡಲೆ. ಮೊಸರು ಎಲ್ಲಿ ಬೇಕಾದರೂ ಸಿಗುತ್ತದೆ. ದಿನ ಬಿಟ್ಟು ದಿನ ಖಾನಾವಳಿ ಊಟ: ರೊಟ್ಟಿ, ಕಾಳು ಪಲ್ಯ, ಹಸಿ ತರಕಾರಿ, ಅನ್ನ ಅರ್ಧ. ಮಂಡಕ್ಕಿ ನಮ್ಮೂರಿನ ಪ್ರಾಣ, ನಾನೂ ತಿನ್ನುತ್ತೇನೆ, ಆದರೆ ಊಟದ ಬದಲಿಗೆ ಅಲ್ಲ. ಹೊಟ್ಟೆಗೆ ಹಗುರ ಅನ್ನಿಸಿದರೂ ಅದು ಅಕ್ಕಿಯೇ, ಸಕ್ಕರೆ ಸರ್ರನೆ ಏರಿಸುತ್ತದೆ. ಬೆಣ್ಣೆ ದೋಸೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ದಾವಣಗೆರೆಯಲ್ಲಿ ಹಾಗೆಂದರೆ ಮುಂದಿನ ವಾರ ಬರುವುದೇ ಇಲ್ಲ! ಮನೆಯಲ್ಲಿರುವ ಭಾನುವಾರ ಬೆಳಿಗ್ಗೆ ಒಂದು ತಿನ್ನಲಿ.

ಆದರೆ ದುಡ್ಡಿನ ಪ್ರಶ್ನೆ ಎತ್ತದಿದ್ದರೆ ಇದಿಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಟೂರಿನಲ್ಲಿ ಒಳ್ಳೆಯ ಊಟ ಮಾಡಿ ಎಂದು ಉಪದೇಶ ಮಾಡುವ ಎಷ್ಟೋ ಜನ, ಆ ಊಟದ ದುಡ್ಡು ಮನೆಯ ಯಾವ ಖರ್ಚಿಗೆ ಹೋಗುತ್ತಿದೆ ಎಂದು ಕೇಳುವುದಿಲ್ಲ. ಕೇಳಿದರೆ ಅವಮಾನವಾಗುತ್ತದೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಡಿಎ ಸಂಬಳವಾಗಿಬಿಟ್ಟಿರುವ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ, ಹೆಚ್ಚಿನ ಕಡೆ ಹೆಂಡತಿಗೆ ಅದು ಗೊತ್ತೇ ಇರುವುದಿಲ್ಲ. ಅದಕ್ಕೇ ಮುಂದಿನ ಸಲ ಇಬ್ಬರೂ ಬನ್ನಿ ಎಂದೆ.

ಆಯಮ್ಮ ಅಳಲಿಲ್ಲ. "ಊಟ ಬಿಟ್ಟು ಫೀಸು ಕಟ್ಟು ಅಂತ ನಿಮಗೆ ಯಾರು ಹೇಳಿದ್ರು? ನನ್ನ ಸಂಘದಾಗೆ ಸಾಲ ಸಿಗ್ತಿತ್ತಲ್ಲ" ಎಂದು ಗಂಡನನ್ನು ಗದರಿಸಿದರು. ಸಾಲ ಬೇಡ ಎಂದು ಅವರು ಹಟ ಹಿಡಿದರು. ಅರ್ಧ ಗಂಟೆ ಅದೇ ಜಗಳ, ನಾನು ನಡುವೆ ಬಾಯಿ ಹಾಕಲಿಲ್ಲ. ಕಡೆಗೆ ಟ್ಯೂಷನ್‌ನವರನ್ನೇ ಕೇಳಿ ಫೀಸನ್ನು ಕಂತು ಮಾಡಿಸಿಕೊಳ್ಳುವುದು, ಬ್ಲೌಸ್ ಹೊಲಿದ ದುಡ್ಡಿನಲ್ಲಿ ಒಂದು ಪಾಲು ಅದಕ್ಕೆ, ಟೂರಿಗೆ ಹೊರಡುವ ದಿನ ಮಧ್ಯಾಹ್ನದ ಊಟದ ದುಡ್ಡನ್ನು ಆಕೆಯೇ ಬೇರೆ ಕವರಿನಲ್ಲಿಟ್ಟು ಕೊಡುವುದು ಎಂದಾಯಿತು. ಕವರು ಖಾಲಿಯಾಗಿ ವಾಪಸ್ ಬರಬೇಕು, ಅದು ಆಕೆಯ ಷರತ್ತು. ನಾಲ್ಕೂವರೆಗೆ ಏಳುವುದನ್ನು ಬಿಟ್ಟಿದ್ದಾರೆ, ರೊಟ್ಟಿಯನ್ನು ಭಾನುವಾರವೇ ಬಡಿದಿಡುತ್ತಾರೆ. ಡಬ್ಬಿ ದನಕ್ಕೆ ಹೋಗುತ್ತಿದ್ದದ್ದನ್ನು ಅವರಿನ್ನೂ ಹೆಂಡತಿಗೆ ಹೇಳಿಲ್ಲ. ಹೇಳಲೇಬೇಕು ಎಂದು ನಾನೂ ಒತ್ತಾಯಿಸಿಲ್ಲ.