ತಿರುವು ಇರಲಿ, ನಾಲ್ಕನೇ ಅಧ್ಯಾಯ ತಿದ್ದಿ

ಪ್ರಿಯ ಲೇಖಕರೇ,

ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದ್ದೇವೆ. ಇಂಥ ಕಾದಂಬರಿ ಗಟ್ಟಿಯೋ ಜೊಳ್ಳೋ ಎಂಬುದು ಎರಡನೇ ಓದಿನಲ್ಲೇ ತಿಳಿಯುವುದು. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ತೀರ್ಥಹಳ್ಳಿ ಕಡೆಯ ಒಂಟಿ ಮನೆ, ಬಟ್ಟೆ ಹೊಲಿದು ಬದುಕುವ ಸುಮಿತ್ರಾ, ಅವಳು ಆರೈಕೆ ಮಾಡುವ ತಂಗಿ ವಾಣಿ. ವಾಣಿ ಬಾವಿಗೆ ಬಿದ್ದು ಸತ್ತು ಎರಡು ವರ್ಷವಾಯಿತು, ತಳ್ಳಿದವಳು ಸುಮಿತ್ರಾಳೇ ಎಂದು 29ನೇ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ತಿರುವು ಹೊಸದಲ್ಲ, ಆದರೂ ನಡೆಯುತ್ತದೆ. ನಮ್ಮ ತಕರಾರು ನಾಲ್ಕನೇ ಅಧ್ಯಾಯದ್ದು.

ಅಲ್ಲಿ ಹಾಲಿನ ಹುಡುಗ ಮಂಜ ಜಗಲಿಯಲ್ಲಿ ನಿಂತು "ವಾಣಕ್ಕಾ, ಜ್ವರ ಬಿಡ್ತಾ?" ಅನ್ನುತ್ತಾನೆ, ವಾಣಿ ನಗುತ್ತಾಳೆ. ಸತ್ತ ವಾಣಿ ಸುಮಿತ್ರಾಳ ಕಣ್ಣಿಗೆ ಬೀಳಬಹುದು, ಮಂಜನ ಕಣ್ಣಿಗೆ ಹೇಗೆ ಬಿದ್ದಳು? ಮಂಜನ ಮಾತೂ ಭ್ರಮೆಯೇ ಎಂದರೆ ಪುಸ್ತಕದಲ್ಲಿ ಯಾವುದನ್ನೂ ನಂಬುವಂತಿಲ್ಲ, ಓದುಗ ಸುಳಿವು ಹುಡುಕುವುದನ್ನೇ ಬಿಡುತ್ತಾನೆ. ಕತೆ ಹೇಳುವ ಸುಮಿತ್ರಾ ತಪ್ಪು ತಿಳಿಯಲಿ, ಮುಚ್ಚಿಡಲಿ. ಬೇರೆಯವರ ಬಾಯಿಂದ ಬಂದ ಮಾತು, ಕೈಗೆ ಸಿಗುವ ವಸ್ತು ಇವೆರಡು ಮಾತ್ರ ನಿಜವಿರಬೇಕು. ಹೀಗೆ ತಿದ್ದಿ: ಮಂಜ "ಅಕ್ಕಾ, ಅರ್ಧ ಲೀಟರ್ ಸಾಕಲ್ವಾ?" ಎಂದು ಕೇಳಲಿ. ಸುಮಿತ್ರಾ "ವಾಣಿಗೆ ಹಾಲು ಸೇರಲ್ಲ ಕಣೋ" ಅನ್ನಲಿ. ಅವನು ಏನೂ ಹೇಳದೆ ಹಾಲು ಸುರಿದು ಹೊರಡಲಿ. ಮೊದಲ ಓದಿಗೆ ಅದು ಅವಸರ, ಎರಡನೆಯದಕ್ಕೆ ಮುಜುಗರ.

ನಿಮ್ಮ ಅತ್ಯುತ್ತಮ ಸುಳಿವು 13ನೇ ಅಧ್ಯಾಯದ ರೇಷನ್ ಅಕ್ಕಿ, ಅದನ್ನು ನೀವೇ ಹಾಳು ಮಾಡಿದ್ದೀರಿ. "ಒಬ್ಬಳ ಅಕ್ಕಿ ಮಾತ್ರ ಯಾಕೆ ಕೊಟ್ಟರೋ ಅರ್ಥವಾಗಲಿಲ್ಲ" ಎಂಬುದು ಅಧ್ಯಾಯದ ಕೊನೆಯ ಸಾಲು. ಕೊನೆಯ ಸಾಲಿನಲ್ಲಿ ಓದುಗನ ಕಣ್ಣು ನಿಲ್ಲುತ್ತದೆ, ಅಲ್ಲಿ ಸುಳಿವಿಟ್ಟರೆ ಡಂಗುರ ಸಾರಿದಂತೆ. ಅದನ್ನು ನಡುವಿಗೆ ತನ್ನಿ. ಸರ್ವರ್ ಡೌನ್, ಹೊಲಿದು ಸವೆದ ಹೆಬ್ಬೆರಳು ಯಂತ್ರಕ್ಕೆ ಹತ್ತುತ್ತಿಲ್ಲ, ಚೀಲ ಈ ತಿಂಗಳು ಹಗುರ, ಅಷ್ಟರಲ್ಲಿ ಸಾಲಿನಲ್ಲಿ ಜಗಳ. ಓದುಗ ಜಗಳದ ಹಿಂದೆ ಹೋಗುತ್ತಾನೆ. "ಒಬ್ಬಳ" ಎಂಬ ಪದ ಬೇಡವೇ ಬೇಡ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಬಿಪಿಎಲ್ ಕಾರ್ಡಿಗೆ ತಲೆಗೆ 5 ಕೆಜಿ, ರಾಜ್ಯ ಸೇರಿಸುವ ಪಾಲು ಆಗಾಗ ಬದಲಾಗಿದೆ. ತೂಕ ಬರೆಯುವುದಾದರೆ ಕತೆ ನಡೆಯುವ ತಿಂಗಳಿನ ಪ್ರಮಾಣ ವಿಚಾರಿಸಿ ಬರೆಯಿರಿ. ಇನ್ನೊಂದು: ಸತ್ತವರ ಹೆಸರನ್ನು ಯಾರಾದರೂ ಕಾರ್ಡಿನಿಂದ ತೆಗೆಸಬೇಕು. ಒಂಬತ್ತನೇ ಅಧ್ಯಾಯದಲ್ಲಿ ಸೋದರಮಾವ ಯಾವುದೋ ಕಾಗದಕ್ಕೆ ಸುಮಿತ್ರಾಳ ಸಹಿ ಹಾಕಿಸಿಕೊಂಡು ಹೋಗುತ್ತಾನಲ್ಲ, ಆ ಕಾಗದ ಇದೇ ಆಗಲಿ. ಈಗ ಅದು ಯಾವ ಕೆಲಸಕ್ಕೂ ಬಂದಿಲ್ಲ.

ಉಳಿದ ಸುಳಿವುಗಳೆಲ್ಲ 22ರಿಂದ 28ನೇ ಅಧ್ಯಾಯದೊಳಗೆ ಗುಂಪುಗೂಡಿವೆ. 300 ಪುಟಕ್ಕೆ ಆರೇಳು ಸಾಕು, ಅರ್ಧದಷ್ಟಾದರೂ 150ನೇ ಪುಟದೊಳಗೆ ಬರಲಿ. ಒಂದು ಪಟ್ಟಿ ಮಾಡಿ: ಪುಟ, ಕಾಣುವ ಸಂಗತಿ, ಸುಮಿತ್ರಾ ಅದಕ್ಕೆ ಕೊಡುವ ಕಾರಣ, ನಿಜವಾದ ಕಾರಣ. ಕೊನೆಯ ಎರಡು ಕಾಲಂ ಒಂದೇ ಆಗಿದ್ದರೆ ಅದು ಸುಳಿವಲ್ಲ. ಮೂರನೆಯದು ಖಾಲಿ ಇದ್ದರೆ ಓದುಗನಿಗೆ ಅಲ್ಲೇ ಅನುಮಾನ ಬರುತ್ತದೆ.

ಊರಿಗೆಲ್ಲ ವಾಣಿಯ ಸಾವು ಗೊತ್ತು, ಮತ್ತೆ ಯಾರೂ ಯಾಕೆ ಬಾಯಿ ಬಿಡುವುದಿಲ್ಲ? ಒಬ್ಬೊಬ್ಬರಿಗೂ ಒಂದು ಕಾರಣ ಕೊಡಿ. ಒಬ್ಬರಾದರೂ ಮುಖಕ್ಕೇ ಹೇಳಲಿ. ಅಂಗನವಾಡಿ ಟೀಚರ್ "ಎಷ್ಟು ದಿನ ಅಂತ ಹೀಗೇ ಇರ್ತೀಯ ಸುಮಿತ್ರಾ, ಸಾಕು ಮಾಡು" ಅಂದರೆ, ಕಾಯಿಲೆಯವಳ ಚಾಕರಿಯ ಮಾತು ಎಂದುಕೊಂಡು ಓದುಗ ಮುಂದೆ ಹೋಗುತ್ತಾನೆ.

30ನೇ ಅಧ್ಯಾಯ ಪೂರ್ತಿ ತೆಗೆಯಿರಿ. ಒಂಬತ್ತು ಪುಟ ಡಾಕ್ಟರು ಪಾಠ ಮಾಡುತ್ತಾರೆ, ಪಾಠವೂ ತಪ್ಪು. ಸ್ಕಿಜೋಫ್ರೇನಿಯಾ ಎಂದರೆ ಒಂದೇ ದೇಹದಲ್ಲಿ ಇಬ್ಬರಿರುವುದಲ್ಲ. ಅದರಲ್ಲಿ ಹೆಚ್ಚಾಗಿ ಬರುವುದು ದನಿ ಕೇಳುವ ಭ್ರಮೆ, ಮನುಷ್ಯರು ಕಾಣುವುದು ಅದಕ್ಕಿಂತ ಕಡಿಮೆ. ನಿಮಗೆ ಇದರಿಂದ ಅನುಕೂಲವೇ: ವಾಣಿ ಕಾಣುವುದನ್ನು ಕಡಿಮೆ ಮಾಡಿ, ಒಳಕೋಣೆಯಿಂದ ಕೇಳಿಸಲಿ. ಆಪ್ತರು ತೀರಿಕೊಂಡ ಮೇಲೆ ಅವರ ದನಿ ಕೇಳಿಸಿದಂತಾಗುವುದು ಕಾಯಿಲೆ ಇಲ್ಲದವರಲ್ಲೂ ಉಂಟು, ಹಾಗಾಗಿ ರೋಗದ ಹೆಸರೇ ಬೇಕಿಲ್ಲ. ಅರಿವಳಿಕೆ ಕೊಡದೆ ಶಾಕ್ ಕೊಡುವ ದೃಶ್ಯವೂ ಹೋಗಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ನಿಷೇಧಿಸಿದೆ, ನಿಮ್ಮ ಕತೆ 2019ರದ್ದು. ಅದೇ ಕಾರಣಕ್ಕೆ ಪಿಎಸ್‌ಐ ಬಾಯಲ್ಲಿ ಬಿಎನ್‌ಎಸ್ 103 ಬರಬಾರದು. ಆ ಹೊಸ ಕಾನೂನು, ಭಾರತೀಯ ನ್ಯಾಯ ಸಂಹಿತೆ, ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ, ಅಲ್ಲಿಯವರೆಗೆ ಕೊಲೆಗೆ ಐಪಿಸಿ 302.

ಭಾಷೆ ಚೆನ್ನಾಗಿದೆ, ಹೊಲಿಗೆ ಯಂತ್ರದ ವಿವರಗಳಂತೂ ಎಲ್ಲೂ ಸುಳ್ಳೆನಿಸುವುದಿಲ್ಲ. ಮೊದಲು ಆ ಪಟ್ಟಿಯನ್ನೂ ತಿದ್ದಿದ 4, 9, 13ನೇ ಅಧ್ಯಾಯಗಳನ್ನೂ ಕಳಿಸಿ. ಪೂರ್ತಿ ಕಾದಂಬರಿ ಈಗ ಬೇಡ.

ಇಂತಿ,
ಸಂಪಾದಕರು