ಓದುಗರ ಪ್ರಶ್ನೆ: ಹಳೇ ಆಂಪ್ಲಿಫೈಯರ್, ನಿಲ್ಲದ ಗುಂಯ್ ಸದ್ದು

ಪ್ರಶ್ನೆ: ನಮ್ಮ ಬ್ಯಾಂಡಿನ ಬೇಸ್ ಗಿಟಾರಿಗೆ ಎಂಬತ್ತರ ದಶಕದ 100 ವಾಟ್ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್‌ಗುಡುತ್ತದೆ, ಜೋರಾಗಿ ನುಡಿಸಿದರೆ ದನಿ ಒಡೆಯುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಿಸಬೇಕು ಎನ್ನುತ್ತಾರೆ ರಿಪೇರಿಯವರು. ಹೌದೇ?
— ಓದುಗರು, ಕಾರವಾರ

ಉತ್ತರ: ಟ್ರಾನ್ಸಿಸ್ಟರಿಗೆ ಈಗಲೇ ಕೈ ಹಾಕಿಸಬೇಡಿ. ವಾಲ್ಯೂಮ್ ತಿರುಗಿಸಿದರೂ ಹೆಚ್ಚು ಕಡಿಮೆಯಾಗದ ಗುಂಯ್ ಸದ್ದಿಗೆ ಮೊದಲ ಅನುಮಾನ ಪವರ್ ಸಪ್ಲೈನ ಎರಡು ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ (ಚಾರ್ಜ್ ಹಿಡಿದಿಟ್ಟು ವೋಲ್ಟೇಜಿನ ಏರಿಳಿತ ಸಮ ಮಾಡುವ ಡಬ್ಬಿಗಳು) ಮೇಲೆ. ಒಳಗಿನ ದ್ರಾವಣ ವರ್ಷ ಕಳೆದಂತೆ ಒಣಗುತ್ತದೆ. ಮೇಲೆ ಉಬ್ಬು, ಸೋರಿಕೆ ಏನೂ ಕಾಣದೆಯೂ ಒಣಗಿರಬಹುದು.

ಕಿವಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬೇಸ್‌ನ ಜಿ ತಂತಿಯನ್ನು ಖಾಲಿ ಮೀಟಿ, ಅದು 98 ಹರ್ಟ್ಸ್. ನಮ್ಮ 50 ಹರ್ಟ್ಸ್ ಕರೆಂಟು, ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ದಾಟಿದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. ಗುಂಯ್ ಸದ್ದು ಈ ಜಿಗೆ ಹೊಂದಿದರೆ ಕೆಪಾಸಿಟರ್ ನೋಡಿ. ಒಂದು ಸಪ್ತಕ ಕೆಳಗೆ, ಅಂದರೆ ಇ ತಂತಿಯ ಮೂರನೇ ಫ್ರೆಟ್‌ಗೆ ಹೊಂದಿದರೆ, ಅರ್ಥಿಂಗ್ ಮತ್ತು ಬ್ರಿಡ್ಜ್‌ನ ಡಯೋಡ್‌ಗಳನ್ನು ಮೊದಲು ನೋಡಿ.

ದನಿ ಒಡೆಯುವುದಕ್ಕೂ ಇದೇ ಕಾರಣ ಇರಬಹುದು. 4700 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ 2 ಆಂಪಿಯರ್ ಎಳೆದರೆ ಎರಡು ಚಾರ್ಜ್‌ಗಳ ನಡುವೆ ವೋಲ್ಟೇಜ್ ಸುಮಾರು 4 ವೋಲ್ಟ್ ಕುಸಿಯುತ್ತದೆ. ಕೆಪಾಸಿಟರಿನ ಶಕ್ತಿ ಅರ್ಧಕ್ಕಿಳಿದಿದ್ದರೆ ಕುಸಿತ 8 ವೋಲ್ಟ್! ಬೇಸ್‌ನ ದೊಡ್ಡ ನೋಟು ಅಲ್ಲೇ ಒಡೆಯುತ್ತದೆ.

ಕೊಳ್ಳುವಾಗ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ಒಂದೂವರೆ ಪಟ್ಟು ದಾಟಬಾರದು. ವೋಲ್ಟ್ ಮಾತ್ರ ಹೆಚ್ಚಿಗೆ ಇರಲಿ. 30-0-30 ಟ್ರಾನ್ಸ್‌ಫಾರ್ಮರ್ (ನಡುವಿನ ತಂತಿಯಿಂದ ಎರಡೂ ಕಡೆ 30 ವೋಲ್ಟ್ ಎಸಿ) ಆದರೆ ಕೆಪಾಸಿಟರಿನ ಮೇಲೆ ಸುಮಾರು 42 ವೋಲ್ಟ್ ನಿಲ್ಲುತ್ತದೆ. ರಾತ್ರಿ ಲೈನ್ 250ಕ್ಕೆ ಏರಿದರೆ ಅದು 45 ದಾಟುತ್ತದೆ. ಹಾಗಾಗಿ 50 ವೋಲ್ಟಿನದು ಬೇಡ, 63 ವೋಲ್ಟ್, 105 ಡಿಗ್ರಿ ಬಿಸಿ ತಡೆಯುವುದನ್ನೇ ಕೇಳಿ. ಕಣ್ಣೂರಿನ ಕೆಲ್ಟ್ರಾನ್ ಆಗಲಿ, ಜಪಾನಿನ ನಿಚಿಕಾನ್ ಆಗಲಿ ನಡೆಯುತ್ತದೆ. ಕಾಲುಗಳಲ್ಲಿ ಹಳೇ ಸೋಲ್ಡರ್ ಗುರುತಿದ್ದರೆ ವಾಪಸು ಕೊಡಿ. ಅಂಗಡಿಗೆ ಹೋಗುವ ಮೊದಲು ಕಾಲುಗಳ ಅಂತರ, ಡಬ್ಬಿಯ ದಪ್ಪ, ಎತ್ತರ ಅಳೆದುಕೊಳ್ಳಿ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಿಸಿ.

ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಇರುತ್ತದೆ. ಸ್ಕ್ರೂಡ್ರೈವರ್ ತಾಗಿಸಿ ಶಾರ್ಟ್ ಮಾಡಬೇಡಿ. 470 ಓಮ್, 5 ವಾಟ್ ರೆಸಿಸ್ಟರನ್ನು ಎರಡು ತುದಿಗಳಿಗೆ ಅರ್ಧ ನಿಮಿಷ ಹಿಡಿದು, ಮೀಟರಿನಲ್ಲಿ 1 ವೋಲ್ಟಿಗಿಂತ ಕೆಳಗೆ ಬಂತೇ ನೋಡಿ.

ಹೆಚ್ಚಿನವರು ಎಡವುವುದು ಧ್ರುವದಲ್ಲಿ. ಇಂಥ ಆಂಪ್‌ಗಳಲ್ಲಿ ಪ್ಲಸ್ 42 ಒಂದು ಲೈನ್, ಮೈನಸ್ 42 ಇನ್ನೊಂದು. ಪ್ಲಸ್ ಕಡೆಯ ಕೆಪಾಸಿಟರಿನ ಮೈನಸ್ ಕಾಲು ಗ್ರೌಂಡಿಗೆ ಹೋಗುತ್ತದೆ. ಮೈನಸ್ ಕಡೆಯದರಲ್ಲಿ ಗ್ರೌಂಡಿಗೆ ಹೋಗುವುದು ಪ್ಲಸ್ ಕಾಲು. ಗ್ರೌಂಡ್ ಎಂದರೆ ಮೈನಸ್ಸೇ ಎಂದು ಎರಡನ್ನೂ ಒಂದೇ ತರಹ ಕೂರಿಸಿದರೆ ಒಂದು ಸಿಡಿಯುತ್ತದೆ. ಬಿಚ್ಚುವ ಮೊದಲೇ ಫೋನಿನಲ್ಲಿ ಫೋಟೋ ತೆಗೆಯಿರಿ, ಮೈನಸ್ ಕಾಲು ತೋರಿಸುವ ಡಬ್ಬಿಯ ಪಟ್ಟಿ ಯಾವ ಕಡೆಗಿದೆ ಎಂಬುದು ಕಾಣುವಂತೆ.

ಹೊಸದು ಕೂರಿಸಿದ ಮೇಲೆ ಸ್ಪೀಕರ್ ಬಿಚ್ಚಿಟ್ಟು, 100 ವಾಟಿನ ಹಳೇ ಮಾದರಿ (ಒಳಗಿನ ತಂತಿ ಉರಿಯುವ) ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಮೇನ್ಸ್ ಕರೆಂಟು ಬಲ್ಬಿನ ಮೂಲಕವೇ ಆಂಪಿಗೆ ಹೋಗುವಂತೆ, ಹಾಕಿ ಆನ್ ಮಾಡಿ. ಬಲ್ಬು ಮಿಂಚಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ, ಎಲ್ಲೋ ಶಾರ್ಟ್ ಇದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಆಮೇಲೆ ಬಲ್ಬು ತೆಗೆದು, ಆಂಪನ್ನು ನೇರ ಮೇನ್ಸಿಗೆ ಹಾಕಿ ಸ್ಪೀಕರ್ ಜಾಕಿನ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಸ್ಪೀಕರ್ ಹಾಕಿ. ಹಲವು ವೋಲ್ಟ್ ಬಂದರೆ ಆಗ ರಿಪೇರಿಯವರು ಹೇಳಿದ ಟ್ರಾನ್ಸಿಸ್ಟರ್ ನೋಡಿಸಿ. ಮೇನ್ಸ್ ಕೆಲಸ ರೂಢಿಯಿಲ್ಲದಿದ್ದರೆ ಇದನ್ನೆಲ್ಲ ಅವರ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಗುಂಯ್ ಸದ್ದು ಹೋಗಲೆಂದು 4700 ಇದ್ದಲ್ಲಿ 22000 ಮೈಕ್ರೋಫ್ಯಾರಡ್ ಹಾಕಿಸಿದೆವು. ಸದ್ದು ನಿಂತಿತು, ಆದರೆ ಆನ್ ಮಾಡುವಾಗ ಫ್ಯೂಸ್ ಹೋಗುತ್ತದೆ. ದಪ್ಪ ಫ್ಯೂಸ್ ಹಾಕಬಹುದೇ?
— ಓದುಗರು, ಶಿರಸಿ

ಉತ್ತರ: ಖಂಡಿತ ಬೇಡ. ಖಾಲಿ ಕೆಪಾಸಿಟರ್ ಸ್ವಿಚ್ ಒತ್ತಿದ ಕ್ಷಣ ಶಾರ್ಟ್ ಇದ್ದಂತೆಯೇ. ದೊಡ್ಡದಾದಷ್ಟೂ ಆ ಹೊಡೆತ ಹೆಚ್ಚು ಹೊತ್ತು ಬ್ರಿಡ್ಜ್ ಮತ್ತು ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುತ್ತದೆ. ದಪ್ಪ ಫ್ಯೂಸ್ ಹಾಕಿದರೆ ಸುಡುವುದು ಟ್ರಾನ್ಸ್‌ಫಾರ್ಮರು, ಹಳೇ ಆಂಪಿಗೆ ಅದೊಂದು ಹೋದರೆ ಹೊಂದುವುದು ಸಿಗುವುದು ಕಷ್ಟ. 4700 ಅಥವಾ 6800ಕ್ಕೆ ಮರಳಿ. ಫ್ಯೂಸ್ ಮೂಲದಲ್ಲಿ ಬರೆದಷ್ಟೇ ಆಂಪಿಯರಿನದು, ಅಲ್ಲಿ ಸ್ಲೋ-ಬ್ಲೋ (ಕ್ಷಣದ ಹೊಡೆತ ತಡೆದುಕೊಳ್ಳುವ ಫ್ಯೂಸ್) ಎಂದಿದ್ದರೆ ಅದೇ ಹಾಕಿ.

ಪ್ರಶ್ನೆ: ನಾಲ್ಕೈದು ಮಳೆಗಾಲ ಮುಚ್ಚಿಟ್ಟಿದ್ದ ಗಿಟಾರ್ ಆಂಪ್ ಇದೆ. ನೇರ ಆನ್ ಮಾಡಬಹುದೇ?
— ಓದುಗರು, ಕುಮಟಾ

ಉತ್ತರ: ಬೇಡ. ಬಹುಕಾಲ ಕರೆಂಟು ಕಾಣದ ಕೆಪಾಸಿಟರಿನ ಒಳಪದರ ತೆಳುವಾಗಿ, ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಕರೆಂಟು ಸೋರಿ ಬಿಸಿಯಾಗುತ್ತದೆ. ಮೇಲೆ ಹೇಳಿದ ಸೀರೀಸ್ ಬಲ್ಬಿನಲ್ಲೇ, ಸ್ಪೀಕರ್ ಇಲ್ಲದೆ, ಅರ್ಧ ಗಂಟೆ ಬಿಡಿ. ವೇರಿಯಾಕ್ (ಮೇನ್ಸ್ ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಸಿಕ್ಕರೆ ಇನ್ನೂ ಒಳ್ಳೆಯದು, 50 ವೋಲ್ಟಿನಿಂದ ನಿಧಾನ ಏರಿಸಿ. ಆಮೇಲೆ ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, ಕೆಪಾಸಿಟರ್ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ಬದಲಿಸಲೇಬೇಕು. ಕಡಲಂಚಿನ ಉಪ್ಪುಗಾಳಿಗೆ ಚಾಸಿಯ ಗ್ರೌಂಡ್ ಸ್ಕ್ರೂ ತುಕ್ಕು ಹಿಡಿದರೂ ಗುಂಯ್‌ಗುಡುತ್ತದೆ. ಕೆಪಾಸಿಟರಿಗೆ ದುಡ್ಡು ಹಾಕುವ ಮೊದಲು ಆ ಸ್ಕ್ರೂ ಬಿಚ್ಚಿ, ಅಡಿಯ ತಗಡನ್ನು ಸ್ಯಾಂಡ್‌ಪೇಪರಿನಲ್ಲಿ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ ನೋಡಿ.