ಹಿನ್ನೀರಿನ ಟೆಂಟಿನಲ್ಲಿ ಮಗು ಬೆಳಗಿನ ಜಾವ ಅಳುವುದಕ್ಕೆ

ಕೆ.ಆರ್.ಎಸ್ ಹಿನ್ನೀರಿನ ಹತ್ತಿರ ಗಾಳಿ ಹಾಸಿಗೆ ಮೇಲೆ ಮಲಗಿಸಿದ ಎಂಟು ತಿಂಗಳ ಮಗು, ಎರಡು ಕಂಬಳಿ ಹೊದಿಸಿದರೂ ಮೂರು ಗಂಟೆಗೆ ಎದ್ದು ಅಳುತ್ತೆ ಅಂದಿದ್ದೀರಿ. ಬಹುಶಃ ಥಂಡಿ ಕೆಳಗಿನಿಂದ ಬರುತ್ತಿದೆ. ಹಾಸಿಗೆಯೊಳಗಿನ ಗಾಳಿಯೇ ತಣ್ಣಗಾದ ಮೇಲೆ ಎಷ್ಟು ಹೊದಿಸಿದರೂ ಸುಮ್ನೆ.

ಮೊದಲು ಆ ಹಾಸಿಗೆ ತೆಗೆಯಿರಿ. ಅದು ಕುಗ್ಗಿ ಮಗುವಿನ ಮುಖ ಹೂತುಕೊಳ್ಳಬಹುದು, ಚಳಿಗಿಂತ ಅದೇ ಜಾಸ್ತಿ ಅಪಾಯ. ಟಾರ್ಪಾಲು, ಅದರ ಮೇಲೆ ಚಾಪೆ, ಆ ನಿಮ್ಮ ಕಂಬಳಿಗಳನ್ನೇ ಮಡಿಸಿ ಬಿಗಿಯಾಗಿ ಹಾಸಿ, ಮೇಲೊಂದು ಹತ್ತಿ ಬಟ್ಟೆ. ದಿಂಬು ಬೇಡ. ಅಂಗಾತ ಮಲಗಿಸಿ.

ಹೊದಿಕೆ ಬದಲು ಬಟ್ಟೆ ಹಾಕಿ: ಒಳಗೆ ಹತ್ತಿಯದು, ಮೇಲೆ ಸ್ವೆಟರ್, ಸಾಕ್ಸ್. ಅಜ್ಜಿಯರು ಒಪ್ಪಲ್ಲ, ಆದರೂ ಮಲಗಿದಾಗ ಕುಲಾವಿ ಬೇಡ.

ಆಮೇಲೆ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಕೈಕಾಲು ತಣ್ಣಗಿರುವುದು ಮಾಮೂಲು. ಕತ್ತು ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ. ಟೆಂಟಿನೊಳಗೆ ಕೆಂಡದ ಒಲೆ, ಸೊಳ್ಳೆಬತ್ತಿ ಖಂಡಿತ ಬೇಡ. ಜಾಲರಿ ಕಿಟಕಿ ಸ್ವಲ್ಪ ತೆರೆದಿರಲಿ.

ಕತ್ತು ಬೆಚ್ಚಗಿದ್ದೂ ಅತ್ತರೆ ಹಸಿವೋ, ಹಲ್ಲು ಬರುತ್ತಿರುವುದೋ ಇರಬಹುದು. ಹಾಲು ಕುಡಿಸಿ ನೋಡಿ. ಮೈ ಸುಡುತ್ತಿದ್ದು ಹಾಲೂ ಬೇಡ ಅಂದರೆ, ಬೆಳಗಾಗಲಿ ಅಂತ ಕಾಯದೆ ಮೈಸೂರಿಗೆ ಹೊರಟುಬಿಡಿ.